ಕಮೋಡಿಗೆ ವಾಟರ್ ಸರ್ವೀಸ್

"ಒಳ್ಗೆ ಆನೆ ಅಡ್ಡ ಬಿದ್ದಿದ್ರೂ ಸರಿ, ಐದೇ ನಿಮ್ಷಕ್ಕೆ ದಬ್ಬಾಕ್ತೀನಿ!"

ಭಾನುವಾರ ಬೆಳಿಗ್ಗೆ ಪಾಲಾಕ್ಷ ಹೀಗೆ ಘೋಷಿಸಿದ್ದು ತನ್ನ ಮನೆಯ ಕಮೋಡಿನ ಮುಂದೆ ನಿಂತು. ಹೊಳೆನರಸೀಪುರದಲ್ಲಿ ಬೈಕುಗಳಿಗೆ ವಾಟರ್ ಸರ್ವೀಸ್ ಮಾಡುವ ಅಂಗಡಿ ಅವನದು. ಕೆಸರು ಮೆತ್ತಿದ ಟ್ರ್ಯಾಕ್ಟರನ್ನೇ ಮದುವಣಗಿತ್ತಿಯಂತೆ ಹೊಳೆಯಿಸುವ ಪ್ರೆಷರ್ ಪಂಪು ಕೈಯಲ್ಲಿರುವಾಗ, ಕಟ್ಟಿಕೊಂಡ ಪೈಪೊಂದು ಯಾವ ಲೆಕ್ಕ?

"ಸುಮ್ನೆ ಪ್ಲಂಬರ್ ಪುಟ್ಟಸ್ವಾಮೀನ ಕರೀರಿ. ಕೊಣನೂರಿಂದ ಅಮ್ಮ ಕಾರಲ್ಲಿ ಬತ್ತಾವ್ರೆ," ಎಂದಳು ಹೆಂಡತಿ ಯಮುನಾ. ಅತ್ತೆ ಚಿಕ್ಕಲಕ್ಷ್ಮಮ್ಮನವರಿಗೆ ಮಂಡಿ ಆಪರೇಷನ್ ಆಗಿತ್ತು. ಕೆಳಗೆ ಕೂರುವಂತಿಲ್ಲ, ಮನೆಯಲ್ಲಿರುವುದು ಇದೊಂದೇ ಕಮೋಡು.

"ಅವನತ್ರ ಇರೋದು ಬರೀ ಪೈಪ್ ಕೆರೆಯೋ ಸ್ಪ್ರಿಂಗು ಕಣೇ! ನನ್ನತ್ರ ಇರೋದು ಪ್ರೆಷರ್ರು!"

ಪಂಪು ಬಂತು. ಕಮೋಡಿನೊಳಗೆ ಪೈಪು ತೂರಿಸಿ, ಸುತ್ತಲೂ ಗೋಣಿಚೀಲ ತುರುಕಿ, ಸ್ವಿಚ್ಚು ಒತ್ತಿದ. ಗುಡುಗುಡು ಸದ್ದಾಯಿತು.

"ನೋಡ್ದಾ? ಓಯ್ತಾ ಅದೆ!"

ಹೋಗಿದ್ದೇನೋ ನಿಜ. ಮುಂದೆ ದಾರಿಯಿಲ್ಲದೆ ಅಷ್ಟೇ ರಭಸದಲ್ಲಿ ವಾಪಸು ಬಂತು! ಒಂಟಿಯಾಗಿ ಬರಲಿಲ್ಲ, ಮೂರು ದಿನದಿಂದ ಪೈಪಿನಲ್ಲಿ ಬೀಡುಬಿಟ್ಟಿದ್ದ ಸಕಲ ಪರಿವಾರದೊಂದಿಗೆ ಬಂತು! ಗೋಣಿಚೀಲ ಸೀಲಿಂಗಿಗೆ, ಉಳಿದದ್ದೆಲ್ಲ ಪಾಲಾಕ್ಷನಿಗೆ.

ಆಗಲೇ ಗೇಟಿನ ಹತ್ತಿರ ಕಾರು ನಿಂತಿತು. ವಾಕರ್ ಊರಿಕೊಂಡು, ಹೆಜ್ಜೆ ಎಣಿಸುತ್ತ ಬಂದ ಅತ್ತೆ ಅಳಿಯನನ್ನು ನೋಡಿ ಸೆರಗನ್ನು ಮೂಗಿಗೆ ಹಿಡಿದರು.

"ಅಯ್ಯೋ ಶಿವನೇ! ಎಲ್ಲಿ ಬಿದ್ರಿ ಅಳಿಯಂದ್ರೇ?"

ಆಮೇಲೆ ಮಗಳ ಕಿವಿಯಲ್ಲಿ ಪಿಸುಗುಟ್ಟಿದರು: "ಅರ್ಜೆಂಟು ಕಣವ್ವಾ. ಅರಕಲಗೂಡಿಂದ ತಡ್ಕಂಡು ಬಂದಿವ್ನಿ."

ಯಮುನಾ ಅವರನ್ನು ಪಕ್ಕದ ಸ್ಮಿತಾಳ ಮನೆಗೆ ನಡೆಸಿಕೊಂಡು ಹೋದಳು. ಇಪ್ಪತ್ತು ಗಜದ ದಾರಿಗೆ ಹತ್ತು ನಿಮಿಷ! ಆ ಬಾಗಿದ ಬೆನ್ನು ನೋಡುತ್ತ ನಿಂತ ಪಾಲಾಕ್ಷ ಪಂಪಿನ ಪೈಪು ಸುತ್ತಿಟ್ಟ. ತಾನೇ ಪುಟ್ಟಸ್ವಾಮಿಗೆ ಫೋನು ಮಾಡಿದ.

ಪುಟ್ಟಸ್ವಾಮಿ ಕಮೋಡಿನ ಕಡೆ ತಲೆಯೂ ಹಾಕಲಿಲ್ಲ. ಹಿತ್ತಲಿನಲ್ಲಿ ಕಮೋಡಿನ ಪೈಪು ಹಾದುಹೋಗುವ ಎರಡು ಚೇಂಬರುಗಳ ಮುಚ್ಚಳ ಎತ್ತಿದ. ಒಂದು ತುಂಬಿತ್ತು, ಇನ್ನೊಂದು ಒಣಗಿತ್ತು. ನಡುವಿನ ಪೈಪಿಗೆ ಸರಳು ತೂರಿಸಿ ಎಳೆದರೆ ತುದಿಯಲ್ಲಿ ನಾರಿನಂಥ ಎಳೆಗಳು.

"ತೆಂಗಿನ ಬೇರು ಸಾ! ಮಣ್ಣು, ಜಿಡ್ಡು ಕಟ್ಕಂಡಿದ್ರೆ ನಿಮ್ ಪ್ರೆಷರ್ರೇ ಸರಿ. ಬೇರಿಗೆ ನೀರು ಬಿಟ್ರೆ ಬೆಳೀತದೆ, ಸಾಯಕಿಲ್ಲ!"

ತುದಿಗೆ ಬ್ಲೇಡಿರುವ ಸ್ಪ್ರಿಂಗನ್ನು ಒಳಕ್ಕೆ ಬಿಟ್ಟು ಮಿಷಿನ್ ತಿರುಗಿಸಿದ. ಅರ್ಧ ಗಂಟೆಯಲ್ಲಿ ಮಾರುದ್ದದ ಬೇರಿನ ಜಡೆ ಹೊರಬಂತು. ತುಂಬಿದ ಚೇಂಬರು ಗಟಗಟನೆ ಖಾಲಿಯಾಯಿತು.

ಅಷ್ಟರಲ್ಲಿ ಮಿಂದು, ಮತ್ತೊಮ್ಮೆ ಮಿಂದು, ಪಾಲಾಕ್ಷ ಎಲ್ಲರನ್ನೂ ಬಾತ್‌ರೂಮಿನ ಬಾಗಿಲಿಗೆ ಕರೆದ.

"ನೋಡ್ತಾ ಇರಿ ಅತ್ತೆ, ಮೊದಲ್ನೇ ಫ್ಲಷ್ ನಾನೇ ಮಾಡ್ತೀನಿ!"

ಗುಂಡಿಯ ಮೇಲೆ ಬೆರಳಿಟ್ಟು ಹಿಂತಿರುಗಿ ನೋಡಿದರೆ ಒಬ್ಬರೂ ಇಲ್ಲ! ಯಮುನಾ ಅಂಗಳದಲ್ಲಿ ಕೊಡೆ ಬಿಚ್ಚಿ ನಿಂತಿದ್ದಳು. ಪುಟ್ಟಸ್ವಾಮಿ ಮಿಷಿನ್ನಿನ ಹಿಂದೆ ಕುಕ್ಕರಿಸಿದ್ದ.

ಅತ್ತೆಯ ವಾಕರ್ ಮಾತ್ರ ಬಾಗಿಲಲ್ಲೇ ಇತ್ತು. ಅತ್ತೆ ಗೇಟು ದಾಟಿದ್ದರು!