ಮಾವನ ಗಡ್ಡಕ್ಕೊಂದು ಬ್ರಷ್

ಮದುವೆಯಾಗಿ ಇಪ್ಪತ್ನಾಲ್ಕು ವರ್ಷ ಕಳೆದಿದ್ದರೂ ಉದಯಕುಮಾರನ ಜೊತೆ ಅವನ ಮಾವ ಕೆಂಚಪ್ಪನವರು ನೇರವಾಗಿ ಆಡಿದ ಮಾತುಗಳನ್ನೆಲ್ಲ ಸೇರಿಸಿದರೆ ಒಂದು ಪೋಸ್ಟ್ ಕಾರ್ಡೂ ತುಂಬುತ್ತಿರಲಿಲ್ಲ. ಹಾಗಂತ ಜಗಳವೇನೂ ಇರಲಿಲ್ಲ. ಅಳಿಯನ ಮೇಲೆ ಅವರಿಗೆ ಬೆಟ್ಟದಷ್ಟು ಗೌರವ. ಆ ಗೌರವವೆಲ್ಲ ಮಗಳು ಕುಸುಮಳ ಮೂಲಕವೇ ಅವನಿಗೆ ತಲುಪಬೇಕು, ಅಷ್ಟೆ. ಅವನು ಎದುರಿಗೇ ಕೂತು ಮುದ್ದೆ ಮುರಿಯುತ್ತಿದ್ದರೂ, "ಅಳಿಯಂದ್ರು ಊಟ ಮಾಡಿದ್ರಾ ಕೇಳಮ್ಮ" ಎಂದು ಅಡುಗೆಮನೆಯ ಕಡೆ ಮುಖ ಮಾಡಿ ವಿಚಾರಿಸುತ್ತಿದ್ದರು.

ಇದರ ಬೇರು ಹೆಣ್ಣು ನೋಡಲು ಹೋದ ದಿನದಲ್ಲಿತ್ತು. ನಾಯಂಡಹಳ್ಳಿ ಇನ್ನೂ ಅರ್ಧ ಹಳ್ಳಿಯಾಗಿದ್ದ ಕಾಲ. ಕೆಂಚಪ್ಪನವರು ನೇಗಿಲು ಹಿಡಿದ, ಬಾವಿ ತೋಡಿದ, ಎತ್ತಿಗೆ ಲಾಳ ಕಟ್ಟಿಸಿದ ಮನುಷ್ಯ. ಉದಯಕುಮಾರ ಬಿನ್ನಿಪೇಟೆಯ ಹುಡುಗ, ಸರ್ಕಾರಿ ಕಚೇರಿಯ ಗುಮಾಸ್ತ. "ಹುಡುಗ ಒಳ್ಳೆಯವನೇ, ಕೈಯಲ್ಲಿ ಕಸುಬಿಲ್ಲ ಅಷ್ಟೆ" ಎಂದು ಕೆಂಚಪ್ಪನವರು ತಮ್ಮನ ಕಿವಿಯಲ್ಲಿ ಉಸುರಿದ್ದು ಹಜಾರಕ್ಕೆಲ್ಲ ಕೇಳಿಸಿತ್ತು. ಈಗ ಉದಯಕುಮಾರ ಅದೇ ಕಚೇರಿಯಲ್ಲಿ ಸೂಪರಿಂಟೆಂಡೆಂಟು, ಕೈಕೆಳಗೆ ನಾಲ್ಕು ಜನ. ಆದರೂ ಆ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚುತ್ತಲೇ ಇತ್ತು. ಕಣ್ಣು ಮುಚ್ಚುವುದರೊಳಗೆ ಮಾವನ ಬಾಯಿಂದ ತನ್ನ ಕೈಯ ಬಗ್ಗೆ ಒಂದು ಒಳ್ಳೆಯ ಮಾತು ಕೇಳಬೇಕು ಎಂಬುದು ಅವನ ಆಸೆ. (ಯಾರ ಕಣ್ಣು ಎಂಬುದನ್ನು ಅವನು ಖಚಿತ ಮಾಡಿಕೊಂಡಿರಲಿಲ್ಲ.)

ಈ ವರ್ಷ ಕೆಂಚಪ್ಪನವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು. ಮೆಟ್ಟಿಲು ಹತ್ತುವ ಹಾಗಿಲ್ಲ ಎಂದು ಬಸವೇಶ್ವರನಗರದ ಮಗಳ ಮನೆಗೆ ಕರೆತಂದರು. ಸೊಂಟ ಕೂಡಿಕೊಳ್ಳುತ್ತಾ ಬಂತು, ಗಡ್ಡ ಮಾತ್ರ ಬೆಳೆಯುತ್ತಾ ಹೋಯಿತು. ಅವರು ಜನ್ಮದಲ್ಲಿ ತಮ್ಮ ಗಡ್ಡ ತಾವು ಹೆರೆದುಕೊಂಡವರಲ್ಲ. ಊರಿನ ಕ್ಷೌರಿಕ ಹನುಮಯ್ಯ ಐವತ್ತು ವರ್ಷ ಮನೆಯಂಗಳಕ್ಕೇ ಬಂದು, ಬ್ರಷ್ಷಿನಲ್ಲಿ ನೊರೆ ಎಬ್ಬಿಸಿ, ಕತ್ತಿ ಮಸೆದು ಕ್ಷೌರ ಮಾಡಿದ್ದ. ಇವರು ಜಾರಿ ಬೀಳುವ ಹಿಂದಿನ ವಾರವಷ್ಟೇ ಆತ ತೀರಿಕೊಂಡಿದ್ದ. ಕುಸುಮ ಮೊಬೈಲಿನಲ್ಲಿ ಒತ್ತಿ ಮನೆಗೇ ಕರೆಸಿದ ಸಲೂನಿನವನು ಟ್ರಿಮ್ಮರ್ ಗುಂಯ್‌ಗುಟ್ಟಿಸಿದ ಕೂಡಲೇ ಕೆಂಚಪ್ಪನವರು ಕೋಲು ಎತ್ತಿದರು. ಹುಲ್ಲು ಕತ್ತರಿಸುವ ಮಿಷನ್ನನ್ನು ಮನುಷ್ಯರ ಮೇಲೆ ಬಿಡುತ್ತಾರೆಯೇ ಎಂಬುದು ಅವರ ವಾದ. ಮೂರು ವಾರ ಕಳೆಯುವಷ್ಟರಲ್ಲಿ ಅವರು ಹಜಾರಕ್ಕೆ ಬರುವುದನ್ನೇ ಬಿಟ್ಟರು. ನೋಡಲು ಬಂದ ನೆಂಟರಿಗೆ, ನಿದ್ದೆ ಮಾಡುತ್ತಿದ್ದಾರೆಂದು ಹೇಳಿಸುತ್ತಿದ್ದರು. ಆ ಮುಖದಲ್ಲಿ ಯಾರಿಗೂ ಕಾಣಿಸಿಕೊಳ್ಳಲು ಅವರಿಗೆ ನಾಚಿಕೆ.

ತಾನೇ ಮಾಡುತ್ತೇನೆ ಎಂದು ಉದಯಕುಮಾರ ಘೋಷಿಸಿದಾಗ ಕುಸುಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು.

"ನೀವಾ? ನಿಮ್ಮ ಗಡ್ಡ ಮಾಡ್ಕೊಂಡ್ರೇ ಮೂರು ಕಡೆ ಹತ್ತಿ ಅಂಟಿಸ್ಕೊಂಡು ಬರ್ತೀರಾ."

"ಅದು ಬ್ರಷ್ ಇಲ್ದೆ ಕಣೇ. ಡಬ್ಬಿ ನೊರೆ ಹಚ್ಕೊಂಡ್ರೆ ಹಂಗೇ ಆಗೋದು."

ಹೀಗೆ ಶುರುವಾಯಿತು ಬ್ರಷ್ ಪುರಾಣ. ಮೊದಲು ವಿಜಯನಗರದ ಮಾರ್ಕೆಟ್ಟಿನಿಂದ ನೈಲಾನಿನದು ಬಂತು. ಮಾವನ ಮೇಲೆ ನೇರ ಪ್ರಯೋಗ ಸಲ್ಲದೆಂದು ಅವನು ಅದನ್ನು ತನ್ನ ಕೆನ್ನೆಯ ಮೇಲೆಯೇ ಬೆಳಿಗ್ಗೆ ಸಂಜೆ ಪರೀಕ್ಷಿಸಿದ. ಬಾಟಲಿ ತೊಳೆಯುವ ಬ್ರಷ್ಷಿಗೂ ಅದಕ್ಕೂ ಹಿಡಿಯಲ್ಲಿ ಮಾತ್ರ ವ್ಯತ್ಯಾಸ. ಎರಡನೆಯದು ಆನ್‌ಲೈನಿನಲ್ಲಿ ಬಂದದ್ದು. ಡಬ್ಬಿಯ ಮೇಲಿನ ಇಂಗ್ಲಿಷ್ ಪದದ ಅರ್ಥ ಹುಡುಕಿದಾಗ ಅದು ಹಂದಿಯ ಕೂದಲು ಎಂದು ತಿಳಿಯಿತು. ಅವನು ವಿಷಯ ಮುಚ್ಚಿಟ್ಟ. ಆದರೆ ಬಿಸಿನೀರು ತಾಗಿದ ಕೂಡಲೇ ಬ್ರಷ್ಷೇ ತನ್ನ ಕುಲಗೋತ್ರವನ್ನು ಮನೆಯೆಲ್ಲ ಸಾರಿತು. ಕುಸುಮ ಮೂಗು ಮುಚ್ಚಿಕೊಂಡು ಬಂದಳು.

"ನಮ್ಮ ಮನೇಲಿ ಹಂದಿ ತಿಂತಾರೆ ಕಣ್ರೀ. ಮುಖಕ್ಕೆ ಬಳ್ಕೊಳಲ್ಲ."

ಕಚೇರಿಯಲ್ಲಿ ಸಹೋದ್ಯೋಗಿ ಶ್ಯಾಮಸುಂದರ ಇವನ ಕೆಂಪು ಕೆನ್ನೆ ನೋಡಿ, ರಕ್ತದೊತ್ತಡವೇ ಎಂದು ಕೇಳಿದ. ವಿಷಯ ತಿಳಿದ ಮೇಲೆ ಗುರುವಾಗಿ ಪರಿವರ್ತನೆಗೊಂಡ. ಅವನ ಮನೆಯಲ್ಲಿ ಇಂಥ ಬ್ರಷ್ಷುಗಳು ಏಳಿದ್ದುವಂತೆ. ಬ್ಯಾಜರ್ ಎಂಬ ವಿದೇಶಿ ಪ್ರಾಣಿಯ ಕೂದಲಿನದೇ ಶ್ರೇಷ್ಠ ಎಂದು ಬೋಧಿಸಿ, ತನ್ನದೊಂದನ್ನು ಎರಡು ದಿನದ ಮಟ್ಟಿಗೆ ಕೊಟ್ಟ. ಆ ಪ್ರಾಣಿ ನಾಯಿ ಜಾತಿಯೋ ಬೆಕ್ಕಿನ ಜಾತಿಯೋ ಎಂದು ಕುಸುಮ ಕೇಳಿದ್ದಕ್ಕೆ ಗಂಡ ಬ್ರಷ್ಷನ್ನು ಬಿಸಿನೀರಿಗೆ ಅದ್ದಿದ. ಬ್ರಷ್ಷೇನೋ ಮೋಡದ ಹಾಗಿತ್ತು. ಮೋಡದ ಹಾಗೆಯೇ ನೀರೆಲ್ಲ ಹೀರಿಕೊಂಡು ಮೊಣಕೈವರೆಗೆ ಸುರಿಸಿತು. ಮೇಲಾಗಿ, ಮಾವನ ತಿಂಗಳು ದಾಟಿದ ಗಡ್ಡದ ಬುಡಕ್ಕೆ ನೊರೆ ಇಳಿಸುವ ಕಸುವು ಅದಕ್ಕಿರಲಿಲ್ಲ.

ಆಗ ಉದಯಕುಮಾರ ಮೊದಲ ಬಾರಿಗೆ ಸರಿಯಾಗಿ ಯೋಚಿಸಿದ. ಇಷ್ಟು ದಿನ ತನ್ನ ಕೆನ್ನೆಗೆ ಬ್ರಷ್ ಹುಡುಕುತ್ತಿದ್ದೆನಲ್ಲ, ಮಾವನ ಕೆನ್ನೆ ಹೇಗಿದೆ ಎಂದು ನೋಡಿದ್ದೇನೆಯೇ? ಅಂದು ಸಂಜೆ ಮಾವ ತಮ್ಮ ಕೋಣೆಯಲ್ಲಿ ಟಿವಿ ನೋಡುತ್ತಿದ್ದಾಗ ಅವನು ಓರೆಯಾಗಿ ಕೂತು ಅವರನ್ನೇ ನೋಡಿದ. ಚರ್ಮ ಸಡಿಲವಾಗಿ ಜೋತಿತ್ತು. ಬಿರುಸಾದದ್ದು ಉಜ್ಜಿದರೆ ನೊರೆಯ ಜೊತೆ ಚರ್ಮವೂ ಓಡಾಡುತ್ತದೆ. ಬರೀ ಮೆತ್ತಗಿದ್ದರೆ ಕೂದಲು ಎದ್ದು ನಿಲ್ಲುವುದಿಲ್ಲ. ಬ್ರಷ್ಷಿನ ತುದಿ ಮೆತ್ತಗಿದ್ದು ಬುಡ ಗಟ್ಟಿಯಿರಬೇಕು, ಕೂದಲು ದಟ್ಟವಾಗಿ ಗಿಡ್ಡವಾಗಿರಬೇಕು. ರಾಜಾಜಿನಗರದಲ್ಲಿ ಸಲೂನು ಸಾಮಾನು ಮಾರುವ ಅಂಗಡಿಗೆ ಹೋಗಿ, ಹದಿನಾಲ್ಕು ಬ್ರಷ್ಷುಗಳನ್ನು ತನ್ನ ಗಂಟಲಿನ ಸಡಿಲ ಚರ್ಮದ ಮೇಲೆ ಒತ್ತಿ ನೋಡಿದ. ಅಂಗಡಿಯವನು ಟೀ ಕುಡಿದು ಬರುವವರೆಗೂ ನೋಡಿದ. ಕೊನೆಗೆ ಯಾವ ಪ್ರಾಣಿಗೂ ಸಂಬಂಧವಿಲ್ಲದ, ರೇಷ್ಮೆಯಂಥ ಕೃತಕ ಕೂದಲಿನ ಬ್ರಷ್ಷೊಂದನ್ನು ಆರಿಸಿ ತಂದ.

ಬುಧವಾರ ಬೆಳಿಗ್ಗೆ ಅಂಗಳದ ಎಳೆಬಿಸಿಲಿನಲ್ಲಿ ಕುರ್ಚಿ ಹಾಕಿದರು. (ಮಂಗಳವಾರ, ಶುಕ್ರವಾರ, ಶನಿವಾರ ಆ ಮನೆಯಲ್ಲಿ ಕತ್ತಿ ಮುಟ್ಟುವಂತಿಲ್ಲ.) ಕೆಂಚಪ್ಪನವರು ಮಗಳ ಮೂಲಕ ಆಕ್ಷೇಪ ಸಲ್ಲಿಸಿದರು.

"ಧಾರೆ ದಿನ ಇವರ ಕಾಲು ತೊಳೆದವನು ನಾನು. ಇವರ ಕೈಲಿ ಸೇವೆ ಮಾಡಿಸ್ಕೊಂಡ್ರೆ ನಂಗೆ ಪಾಪ ಬರುತ್ತೆ, ಹೇಳಮ್ಮ."

ಹಾಗಾದರೆ ಕೈಯಲ್ಲೊಂದು ಕಮಂಡಲು ಕೊಡುತ್ತೇನೆ, ಹೀಗೇ ಇದ್ದುಬಿಡಿ ಎಂದಳು ಕುಸುಮ. ಮುದುಕರು ಕತ್ತು ಹಿಂದಕ್ಕೆ ಒರಗಿಸಿದರು.

ಬಿಸಿನೀರಿನಲ್ಲಿ ನೆನೆದ ಬ್ರಷ್ಷನ್ನು ಕೊಡವಿ, ಸೋಪಿನ ಮೇಲೆ ತಿರುಗಿಸಿ, ಉದಯಕುಮಾರ ಮಾವನ ಕೆನ್ನೆಗೆ ಮುಟ್ಟಿಸಿದ. ಅಷ್ಟು ಹತ್ತಿರದಿಂದ ಆ ಮುಖವನ್ನು ಅವನು ಎಂದೂ ಕಂಡಿರಲಿಲ್ಲ. ಗದ್ದದ ಕೆಳಗೆ ಒಂದು ಹಳೆಯ ಗಾಯದ ಗುರುತು; ಎತ್ತು ಹಾಯ್ದದ್ದು ಎಂದು ಕುಸುಮ ಮೆಲ್ಲಗೆ ಹೇಳಿದಳು. ನೊರೆ ಏರುತ್ತಿದ್ದಂತೆ ಮುದುಕರ ಕಣ್ಣು ತಾನಾಗಿ ಮುಚ್ಚಿಕೊಂಡಿತು, ಬಿಗಿದಿದ್ದ ದವಡೆ ಸಡಿಲಾಯಿತು. ಇಷ್ಟು ವರ್ಷ ತಾನು ಹೆದರಿಕೊಂಡಿದ್ದ ಮನುಷ್ಯ ಇವರೇನಾ ಎನ್ನಿಸಿ ಅವನು ಬ್ರಷ್ಷನ್ನು ಇನ್ನಷ್ಟು ಮೆಲ್ಲಗೆ ತಿರುಗಿಸಿದ. ಎರಡು ಸಲ ನೊರೆ, ಎರಡು ಸಲ ರೇಜರು. ಒಂದು ಹನಿ ರಕ್ತ ಬರಲಿಲ್ಲ, ಮನೆಯಲ್ಲಿ ಹತ್ತಿ ಬೇಕಾಗಲಿಲ್ಲ.

ಕೆಂಚಪ್ಪನವರು ಕನ್ನಡಿ ತರಿಸಿ ನೋಡಿಕೊಂಡರು. ಅಂಗೈಯಿಂದ ಎರಡೂ ಕೆನ್ನೆ ಸವರಿಕೊಂಡರು. ಕುರ್ಚಿಯನ್ನು ಗೇಟಿನ ಹತ್ತಿರ ಹಾಕಿಸಿಕೊಂಡು ಮಧ್ಯಾಹ್ನದವರೆಗೆ ಹೋಗಿಬರುವವರನ್ನೆಲ್ಲ ಮಾತಾಡಿಸಿದರು. ಉದಯಕುಮಾರ ಕಚೇರಿಗೆ ಹೋದರೂ ಕಿವಿಯನ್ನು ಮನೆಯಲ್ಲೇ ಬಿಟ್ಟಿದ್ದ. ಕ್ಷೌರ ವಾರಕ್ಕೆರಡು ಸಲವಾಯಿತು; ಒಳ್ಳೆಯ ಮಾತು ಮುಂದಿನ ಭಾನುವಾರವೂ ಬರಲಿಲ್ಲ, ಅದರಾಚೆಯ ಬುಧವಾರವೂ ಬರಲಿಲ್ಲ. ಎರಡನೆಯ ಭಾನುವಾರ, ಅವನು ಮಾವನ ಕಿವಿಯ ಬಳಿಯ ನೊರೆ ಒರೆಸುತ್ತಿದ್ದಾಗ, ಅವರು ಅವನ ಮಣಿಕಟ್ಟು ಹಿಡಿದುಕೊಂಡರು. ಕುಸುಮ ಒಳಗಿದ್ದಳು. ಮಧ್ಯೆ ಯಾರೂ ಇರಲಿಲ್ಲ.

"ಕೈ ಹಗುರ ಐತೆ ಕಣಪ್ಪ. ಹನುಮಯ್ಯನ ಕೈ ಇದ್ದಂಗೆ ಐತೆ."

ಉದಯಕುಮಾರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಬ್ರಷ್ ತೊಳೆಯುವ ನೆಪದಲ್ಲಿ ಕಣ್ಣೂ ತೊಳೆದುಕೊಂಡು ಬಂದ. ಆ ಸಂಜೆ ಕೆಂಚಪ್ಪನವರು ಕೆಂಗೇರಿಯಾಚೆ ಉಳಿದಿರುವ ಹೊಲ ನೋಡಿಕೊಳ್ಳುವ ತಮ್ಮಂದಿರಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದರು. ಗುರುವಾರ ಲಗೇಜ್ ಆಟೋದಲ್ಲಿ ಒಂದು ಚೀಲ ರಾಗಿ ಬಂತು, ಅಳಿಯಂದಿರ ಹೆಸರಿಗೆ. ಅವನು ಕಚೇರಿಯಲ್ಲೆಲ್ಲ ಹೇಳಿಕೊಂಡ. ಮಾವ ಪ್ರೀತಿಯಿಂದ ಸ್ವಂತ ಹೊಲದ ರಾಗಿ ಕಳಿಸಿದ್ದಾರೆ ಎಂದು ಶ್ಯಾಮಸುಂದರನಿಗೆ ಎರಡು ಸಲ ಹೇಳಿದ.

ಭಾನುವಾರ ಬೆಳಿಗ್ಗೆ ಕೆಂಚಪ್ಪನವರ ಇಬ್ಬರು ತಮ್ಮಂದಿರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದರು. ಇಬ್ಬರ ಗಡ್ಡವೂ ಸೊಂಪಾಗಿ ಬೆಳೆದಿತ್ತು. ಬ್ರಷ್ ಹಿಡಿದು ನಿಂತಿದ್ದ ಗಂಡನನ್ನು ಕುಸುಮ ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅದು ಆಯ ಕಣ್ರೀ. ವರ್ಷಕ್ಕೊಂದು ಚೀಲ ರಾಗಿ ಕೊಟ್ರೆ, ಮನೆ ಗಂಡಸರಿಗೆಲ್ಲ ವರ್ಷಪೂರ್ತಿ ಕ್ಷೌರ. ಹನುಮಯ್ಯಂಗೂ ಹಂಗೇ ಕೊಡ್ತಾ ಇದ್ದದ್ದು."

ಚೀಲವನ್ನು ಈಗಲೇ ವಾಪಸು ಕಳಿಸೋಣ ಎಂದ ಉದಯಕುಮಾರ. ಅರ್ಧ ರಾಗಿ ಆಗಲೇ ಮಿಲ್ಲಿಗೆ ಹೋಗಿ ಹಿಟ್ಟಾಗಿದೆ ಎಂದಳು ಕುಸುಮ. ಮೇಲಾಗಿ, ಆಯ ವಾಪಸು ಕೊಟ್ಟರೆ ಕೆಲಸ ಬಾರದೆ ಬಿಟ್ಟುಹೋದ ಎಂದು ಅರ್ಥವಂತೆ. ಅವನು ಕಿಟಕಿಯಿಂದ ಹೊರಗೆ ನೋಡಿದ. ಮಾವ ತಮ್ಮಂದಿರಿಗೆ ತಮ್ಮ ಕೆನ್ನೆ ಮುಟ್ಟಿಸಿ ತೋರಿಸುತ್ತಿದ್ದರು. ಆ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಿದ ಮೇಲೆ, ನಾಲ್ಕು ಜನರ ಮೇಲಿನ ಸೂಪರಿಂಟೆಂಡೆಂಟು ಬಿಸಿನೀರಿನ ಚೊಂಬು ಹಿಡಿದು ಅಂಗಳಕ್ಕೆ ಇಳಿದ.

ಹಿರಿಯ ಚಿಕ್ಕಮಾವ ಮುನಿಯಪ್ಪನವರು ಆಗಲೇ ಅಂಗಿ, ಬನಿಯನ್ ಎರಡನ್ನೂ ಕಳಚಿ ಕುರ್ಚಿಯಲ್ಲಿ ಕೂತಿದ್ದರು. ಅವನು ಕೆನ್ನೆಗೆ ನೊರೆ ಹಚ್ಚಲು ಬಾಗಿದಾಗ ಅವರು ನಿಧಾನವಾಗಿ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿದರು.

"ಹನುಮಯ್ಯ ಕಂಕುಳೂ ಮಾಡ್ತಿದ್ದ ಕಣಪ್ಪ. ಅದಕ್ಕೂ ಇದೇ ಬ್ರಷ್ಷಾ, ಬೇರೆ ಇಟ್ಟಿದೀಯಾ?"