ಚಾಲನಾಚಾರ್ಯರ ಎಡತೋಳು

ಲಸಿಕೆಯನ್ನು ಕಾನೂನು ಮಾಡಿ ಕಡ್ಡಾಯಗೊಳಿಸಬೇಕೆಂದು ಊರಿಗೆಲ್ಲ ಸಾರಿಕೊಂಡು ಬಂದ ಮನುಷ್ಯನನ್ನೇ ಕಾನೂನು ಮೊದಲು ಬಂದು ಹಿಡಿದುಕೊಂಡರೆ, ಅದಕ್ಕಿಂತ ದೊಡ್ಡ ಅನ್ಯಾಯ ಬೇರೆ ಉಂಟೇ? ಮಗಳ ಮನೆಯ ಕಿಟಕಿಯ ಹೊರಗೆ, ಎರಡು ಹೂಕುಂಡಗಳ ನಡುವೆ ತುದಿಗಾಲಲ್ಲಿ ನಿಂತಿದ್ದ ಚಾಲನಾಚಾರ್ಯರ ತಲೆಯಲ್ಲಿ ಆ ಬೆಳಿಗ್ಗೆ ಸುತ್ತುತ್ತಿದ್ದುದು ಇದೊಂದೇ ಪ್ರಶ್ನೆ. ಕಿಟಕಿಯ ಒಳಗೆ ಅವರ ಹೆಂಡತಿ, ಹುಟ್ಟಿ ಇನ್ನೂ ವಾರ ತುಂಬದ ಮೊಮ್ಮಗಳನ್ನು ಎದೆಗವಚಿಕೊಂಡು ಕೂತಿದ್ದರು. ಬರೀ ಕೂತಿದ್ದರೆ ಪರವಾಗಿರಲಿಲ್ಲ. ಮಗುವಿನ ಪುಟ್ಟ ಕೈಯನ್ನು ಎತ್ತಿ ಹಿಡಿದು, ಗಾಜಿನಾಚೆಯ ಅಜ್ಜನಿಗೆ ಟಾಟಾ ಬೇರೆ ಮಾಡಿಸುತ್ತಿದ್ದರು.

(ಚಾಲನಾಚಾರ್ಯ ಎನ್ನುವುದು ಅವರ ಹೆಸರಲ್ಲ. ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಅರ್ಧ ಆಯಸ್ಸು ಪಕ್ಕದ ಸೀಟಿನಲ್ಲಿ ಕೂತು, ಇನ್ನರ್ಧವನ್ನು ಉಳಿಸಿಕೊಂಡು ಬಂದ ಸಾಹಸಕ್ಕಾಗಿ ಮಗಳು ಚಿಕ್ಕಂದಿನಲ್ಲೇ ದಯಪಾಲಿಸಿದ ಬಿರುದು ಅದು.)

ಈ ಗತಿ ಅವರಿಗೆ ಬಂದದ್ದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ಅವರ ಎಡತೋಳಿನ ವಿಚಾರ ತಿಳಿಯಬೇಕು. ಚಾಲನಾಚಾರ್ಯರು ವಾದಕ್ಕೆ ನಿಂತರೆಂದರೆ ಅಂಗಿಯ ಎಡತೋಳನ್ನು ಮಡಿಸತೊಡಗುತ್ತಾರೆ. ಮುಂಗೈವರೆಗೆ ಮಡಿಸಿದರೆ ಪೀಠಿಕೆ. ಮೊಣಕೈ ದಾಟಿದರೆ ವಿಷಯಕ್ಕೆ ಬಂದರು. ಭುಜಕ್ಕೆ ಮುಟ್ಟಿತೋ, ಎದುರಾಳಿ ಸೋತ ಎಂದೇ ಲೆಕ್ಕ. ಅರ್ಧ ತೋಳಿನ ಅಂಗಿ ಹಾಕಿಕೊಂಡ ದಿನ ಅವರು ಯಾರ ಜೊತೆಗೂ ವಾದ ಮಾಡಿದ್ದನ್ನು ಯಾರೂ ಕಂಡಿಲ್ಲ. ಮಡಿಸಲು ಏನೂ ಇಲ್ಲದಿದ್ದರೆ ಅವರಿಗೆ ಮಾತೇ ಹೊರಡುವುದಿಲ್ಲ.

ಲಸಿಕೆಯನ್ನು ಕಾನೂನಿನಿಂದ ಕಡ್ಡಾಯ ಮಾಡಬೇಕೋ ಬೇಡವೋ ಎಂಬ ಚರ್ಚೆ ಆಗ ಎಲ್ಲೆಲ್ಲೂ ನಡೆದಿತ್ತು. ಬಸ್ಸಿನಲ್ಲಿ ಅದೇ, ಕ್ಷೌರದಂಗಡಿಯಲ್ಲಿ ಅದೇ. ಚಾಲನಾಚಾರ್ಯರ ಮನೆಯ ಊಟದ ಮೇಜಿನ ಮೇಲಂತೂ ಉಪ್ಪಿನ ಡಬ್ಬಿಯ ಪಕ್ಕ ಅದು ಕಾಯಂ ಆಗಿ ಬಂದು ಕೂತಿತ್ತು.

“ಕಾನೂನು ಅಂದ್ರೇನು? ಪಕ್ಕದ ಸೀಟಿನ ಬ್ರೇಕು!” ಎಂದು ಅವರು ಮೊದಲ ಮಡಿಕೆ ಹಾಕುತ್ತಿದ್ದರು. “ಎದುರಿಗೆ ಲಾರಿ ಬಂದಾಗ ಕಲಿಯೋನಿಗೆ ‘ನಿನಗೆ ಮನಸ್ಸಿದ್ರೆ ಬ್ರೇಕ್ ಒತ್ತಪ್ಪಾ’ ಅಂತ ಬೇಡ್ಕೊಳ್ಳೋಕಾಗುತ್ತಾ? ನಾನೇ ಒತ್ತಬೇಕು. ಕಾರಲ್ಲಿ ಅವನೊಬ್ಬನೇ ಇರಲ್ಲ, ರಸ್ತೇಲೂ ಅವನೊಬ್ಬನೇ ಇರಲ್ಲ!”

ಅವರ ಹೆಂಡತಿಯೂ ಕಲಿಸುವವರೇ. ಊರಿನ ಈಜುಕೊಳದಲ್ಲಿ ಪುಟ್ಟ ಮಕ್ಕಳಿಗೆ ಈಜು ಹೇಳಿಕೊಡುತ್ತಿದ್ದರು. “ನಮ್ಮ ಕೊಳದಲ್ಲಿ ಹಾಗೆ ನಡೆಯಲ್ಲ,” ಎಂದು ತಟ್ಟೆಯಿಂದ ತಲೆಯೆತ್ತದೆ ಹೇಳುತ್ತಿದ್ದರು. “ನೀರಿಗೆ ಹೆದರೋ ಮಗೂನ ಹಿಂದಿನಿಂದ ತಳ್ಳಿದ್ರೆ ಅದು ಈಜೋದನ್ನ ಕಲಿಯಲ್ಲ. ನನ್ನ ಕಂಡ್ರೆ ಓಡೋದನ್ನ ಕಲಿಯುತ್ತೆ. ಪಕ್ಕದಲ್ಲಿ ಕೂತ್ಕೋಬೇಕು, ಮಾತಾಡಿಸ್ಬೇಕು, ಕಾಲು ಅದ್ದಿಸ್ಬೇಕು. ಆಮೇಲೆ ಅದೇ ಇಳಿಯುತ್ತೆ.”

“ನೀನು ಊರವರ ಕಾಲು ಅದ್ದಿಸಿ ಮುಗಿಸೋಷ್ಟರಲ್ಲಿ ರೋಗ ಊರೆಲ್ಲ ಈಜಿ ಆ ಕಡೆ ದಡ ಸೇರಿರುತ್ತೆ!”

“ನೀವು ತಳ್ಳಿದೋರೆಲ್ಲ ಕೊಳದ ಕಡೆ ಮತ್ತೆ ತಲೆ ಹಾಕಿ ಮಲಗಲ್ಲ, ಆಗೇನು ಮಾಡ್ತೀರಿ?”

ತುಂಬು ಗರ್ಭಿಣಿಯಾಗಿದ್ದ ಮಗಳು ಊಟಕ್ಕೆ ಬಂದ ಒಂದು ದಿನ ಇಬ್ಬರ ಮಾತನ್ನೂ ಕೇಳುವಷ್ಟು ಕೇಳಿ, ಚಮಚವನ್ನು ಮೇಜಿನ ಮೇಲೆ ಟಕ್ ಎಂದು ಇಟ್ಟಳು. “ಸರ್ಕಾರ ಏನಾದ್ರೂ ಮಾಡ್ಕೊಳ್ಳಲಿ. ನನ್ನ ಮನೇಲಿ ಕಾನೂನು ಆಗೋಯ್ತು. ನಾಯಿಕೆಮ್ಮಿನ ಲಸಿಕೆ ಹಾಕಿಸ್ಕೊಂಡು ಎರಡು ವಾರ ಆಗದೇ ಇರೋರು ಯಾರೂ ನನ್ನ ಮಗೂನ ಮುಟ್ಟೋ ಹಾಗಿಲ್ಲ. ದೊಡ್ಡೋರಿಗೆ ಬರೀ ಕೆಮ್ಮು, ಎಳೇ ಮಗೂಗೆ ಉಸಿರೇ ನಿಂತ್ಹೋಗಬಹುದು ಅಂತ ಡಾಕ್ಟರ್ ಹೇಳಿದಾರೆ.”

“ಭೇಷ್!” ಎಂದು ಚಾಲನಾಚಾರ್ಯರು ಮೇಜು ಕುಟ್ಟಿದರು. ತೋಳು ಒಂದೇ ಏಟಿಗೆ ಭುಜ ಮುಟ್ಟಿತು. “ಇವಳು ನನ್ನ ಮಗಳು!”

ಮಾರನೆಯ ದಿನವೇ ಹೆಂಡತಿ ಹೋಗಿ, ಯಾವ ಭಾಷಣವೂ ಇಲ್ಲದೆ ಲಸಿಕೆ ಹಾಕಿಸಿಕೊಂಡು, ಬರುವಾಗ ಸೊಪ್ಪು ತಂದರು. ಅಳಿಯನದೂ ಆಯಿತು. ಚಾಲನಾಚಾರ್ಯರದು ಮಾತ್ರ ಆಗಲಿಲ್ಲ. ಒಂದು ವಾರ ಅವರ ಶಿಷ್ಯರಿಗೆ ಪರೀಕ್ಷೆ. ಇನ್ನೊಂದು ವಾರ ಕಾರಿನ ಕ್ಲಚ್ಚಿಗೆ ಆರೋಗ್ಯ ಸರಿಯಿಲ್ಲ. ಮತ್ತೊಂದು ವಾರ ತಮಗೇ ಒಂದು ಸೀನು ಬಂದಂತಾಗಿ, ಅದು ಎರಡನೆಯ ಸಲ ಬರುತ್ತದೋ ಎಂದು ಕಾಯುತ್ತ ಕೂತರು.

ಅಸಲಿ ಕಾರಣ ಲೋಕದಲ್ಲಿ ಅವರ ಹೆಂಡತಿಗೊಬ್ಬರಿಗೇ ಗೊತ್ತು. ಬ್ರೇಕು ಮರೆತ ಶಿಷ್ಯರ ಪಕ್ಕ ಕೂತು ಇಳಿಜಾರು ಇಳಿದ ಆ ವೀರಾಗ್ರಣಿಗೆ ಸೂಜಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಹೆಂಡತಿ ಗುಂಡಿ ಹೊಲಿಯಲು ಸೂಜಿ ತೆಗೆದರೆ ಅವರಿಗೆ ಅಂಗಳದಲ್ಲಿ ತುರ್ತು ಕೆಲಸ ಬೀಳುತ್ತಿತ್ತು. ಮೂವತ್ತು ವರ್ಷ ಹೆಂಡತಿಯ ಚುಚ್ಚುಮಾತು ತಿಂದು ಅರಗಿಸಿಕೊಂಡವರು, ಒಂದು ಚುಚ್ಚುಮದ್ದು ಎಂದರೆ ನಡುಗುತ್ತಿದ್ದರು.

ಹೀಗಿರುವಾಗ ಮಗು ಯಾರ ಸೀನಿಗೂ ಕಾಯದೆ ಹುಟ್ಟಿತು. ಅಲ್ಲಿಗೆ ಚಾಲನಾಚಾರ್ಯರ ಜಾಗ ಹೂಕುಂಡಗಳ ನಡುವೆ ಎಂದು ನಿಗದಿಯಾಯಿತು.

“ಕಿಟಕಿ ಸ್ವಲ್ಪ ತೆಗಿಯೇ,” ಎಂದು ಅವರು ಹೊರಗಿನಿಂದ ಸನ್ನೆ ಮಾಡಿದರು. ಮಗಳು ಬಂದು ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಳು.

“ಒಂದೇ ಒಂದು ಸಲ. ಉಸಿರು ಬಿಗಿ ಹಿಡ್ಕೊಂಡು ಎತ್ಕೋತೀನಿ. ಮುಖ ಬೇಕಾದ್ರೆ ಆ ಕಡೆ ತಿರುಗಿಸ್ಕೋತೀನಿ.”

“ಅಪ್ಪಾ, ಕಾನೂನು ಅಂದ್ರೇನು?”

ಚಾಲನಾಚಾರ್ಯರು ಹೂಕುಂಡ ನೋಡಿದರು. “ಪಕ್ಕದ ಸೀಟಿನ ಬ್ರೇಕು,” ಎಂದು ಗೊಣಗಿದರು.

“ಒತ್ತಿದೀನಿ,” ಎಂದು ಮಗಳು ಕಿಟಕಿ ಮುಚ್ಚಿದಳು.

ಆ ಹೊತ್ತಿಗೆ ಸರಿಯಾಗಿ ಒಳಗೆ ಮಗು ಆಕಳಿಸಿತು. ಮುಖವೆಲ್ಲ ಬಾಯಾಗಿ, ಕಣ್ಣೆರಡೂ ಎಲ್ಲಿಗೋ ಹೋಗಿ ಮತ್ತೆ ಬಂದವು. ಚಾಲನಾಚಾರ್ಯರು ಗಾಜಿಗೆ ಹಣೆ ಒತ್ತಿ ನೋಡಿದರು. ಇಪ್ಪತ್ತೇಳು ವರ್ಷದ ಹಿಂದೆ ಇದೇ ಆಕಳಿಕೆ ಇನ್ನೊಂದು ಪುಟ್ಟ ಮುಖದಲ್ಲಿ, ತಮ್ಮ ಎದೆಯ ಮೇಲೇ ಆಗಿತ್ತು. ಈಗ ಅದು ಗಾಜಿನ ಆ ಕಡೆ, ಬೇರೆಯವರ ಎದೆಯ ಮೇಲೆ ಆಗಿ ಮುಗಿದುಹೋಗುತ್ತಿದೆ. ಅವರಿಗೆ ನಿಜವಾಗಿಯೂ ಅಳು ಬಂತು. ಹೆಂಡತಿ ಹೊರಗೆ ಬಂದಾಗ ಅವರು ಹೇಳಿದ್ದು ಒಂದೇ ಮಾತು.

“ನಡಿ, ಆರೋಗ್ಯ ಕೇಂದ್ರಕ್ಕೆ.”

ಹೇಳುವುದು ಹೇಳಿದರು, ಕಾರು ಕೇಳಬೇಕಲ್ಲ. ಸೈಕಲ್ಲಿನವರಿಗೆಲ್ಲ ದಾರಿ ಬಿಟ್ಟರು. ಯಾರೂ ದಾಟದ ಪಾದಚಾರಿ ಪಟ್ಟೆಯ ಮುಂದೆ ನಿಂತು ಯಾರಾದರೂ ದಾಟಲಿ ಎಂದು ಕಾದರು. “ಈ ಸ್ಪೀಡಲ್ಲಿ ಹೋದ್ರೆ,” ಎಂದರು ಹೆಂಡತಿ, “ಮೊಮ್ಮಗಳೇ ನಡೆಯೋದು ಕಲಿತು ನಮ್ಮನ್ನ ಓವರ್‌ಟೇಕ್ ಮಾಡ್ತಾಳೆ.”

ಆರೋಗ್ಯ ಕೇಂದ್ರದಲ್ಲಿ ಉದ್ದನೆಯ ಬೆಂಚು, ಬೆಂಚಿನ ತುದಿಗೆ ಒಂದು ಮೇಜು, ಮೇಜಿನ ಹಿಂದೆ ನರ್ಸಮ್ಮ. ಸ್ಪಿರಿಟಿನ ವಾಸನೆ ಮೂಗಿಗೆ ಬಡಿದೊಡನೆ ಚಾಲನಾಚಾರ್ಯರ ಕಾಲುಗಳು ರಿವರ್ಸ್ ಗೇರಿಗೆ ಬಿದ್ದವು. ಹೆಂಡತಿ ಅವರನ್ನು ತಳ್ಳಲಿಲ್ಲ, ಎಳೆಯಲೂ ಇಲ್ಲ. ಪಕ್ಕದಲ್ಲಿ ಕೂತು, ಸುಮ್ಮನೆ ಅವರ ಅಂಗಿಯ ತೋಳಿನ ಗುಂಡಿ ಬಿಚ್ಚಿಟ್ಟರು.

ಮೇಜಿನ ಆಚೆಗಿನ ಕುರ್ಚಿಯಲ್ಲಿ ಬೀಗ ರಿಪೇರಿ ಮಾಡುವವನೊಬ್ಬ, ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು ತೂಗಿಸಿಕೊಂಡು, ತೋಳಿಗೆ ಹತ್ತಿ ಒತ್ತಿ ಹಿಡಿದು ಕೂತಿದ್ದ. ಲಸಿಕೆ ಹಾಕಿಸಿಕೊಂಡವರು ಸ್ವಲ್ಪ ಹೊತ್ತು ಅಲ್ಲೇ ಕೂತಿರಬೇಕೆಂಬುದು ನರ್ಸಮ್ಮನ ನಿಯಮ. ಹೊತ್ತು ಹೋಗದೆ ಅವನು ಬೆಂಚಿನವರಿಗೆಲ್ಲ ಕೇಳುವಂತೆ ಹೇಳಿದ, “ನಾನಂತೂ ನಾನಾಗೇ ಬಂದು ಹಾಕಿಸ್ಕೊಂಡೆ. ಆದ್ರೆ ಕಾನೂನು ಮಾಡಿ ಕಡ್ಡಾಯ ಅಂದಿದ್ರೆ ಖಂಡಿತ ಬರ್ತಿರ್ಲಿಲ್ಲ.”

ಚಾಲನಾಚಾರ್ಯರ ಕಿವಿ ನೆಟ್ಟಗಾಯಿತು. “ಏನಂದ್ರಿ?” ಎಂದರು. ಮೊದಲ ಮಡಿಕೆ ಬಿತ್ತು.

“ಮೈ ಅನ್ನೋದು ಮನೆ ಇದ್ದ ಹಾಗೆ ಸ್ವಾಮಿ. ನಾನು ಎಂಥ ಬೀಗ ಬೇಕಾದ್ರೂ ತೆಗೀತೀನಿ. ಆದ್ರೆ ಮನೆಯವರು ಕರೆದ್ರೆ ಮಾತ್ರ. ಕರೀದೇ ತೆಗೆದ್ರೆ ಅದಕ್ಕೆ ಕಳ್ಳತನ ಅಂತಾರೆ.”

ಬೆಂಚಿನ ಮೇಲೆ ಒಬ್ಬಿಬ್ಬರು ಹೌದೆಂದು ತಲೆಯಾಡಿಸಿದರು. ಚಾಲನಾಚಾರ್ಯರಿಗೆ ಸ್ಪಿರಿಟಿನ ವಾಸನೆ ಮರೆತುಹೋಯಿತು. ತಾವು ಬಂದ ಕೆಲಸವೂ ಮರೆತುಹೋಯಿತು. “ನಿಮ್ಮ ಮನೇಲಿ ನೀವು ಬಾಗಿಲು ಹಾಕ್ಕೊಂಡು ಏನಾದ್ರೂ ಮಾಡ್ಕೊಳ್ಳಿ. ನಿಮ್ಮ ಮನೆಗೆ ಬೆಂಕಿ ಬಿದ್ದು ಪಕ್ಕದ ಮನೇಲಿ ಒಂದು ಹಸುಗೂಸು ಮಲಗಿದ್ರೆ?” ತೋಳು ಮೊಣಕೈ ದಾಟಿತು.

“ಮುಂದಿನವರು ಬನ್ನಿ,” ಎಂದರು ನರ್ಸಮ್ಮ. ಹೆಂಡತಿ ಮೊಣಕೈಯಿಂದ ಮೆಲ್ಲಗೆ ತಿವಿದರು. ಚಾಲನಾಚಾರ್ಯರು ಎದ್ದು, ಕಣ್ಣನ್ನು ಬೀಗದವನ ಮೇಲಿಂದ ಕೀಳದೆ, ನರ್ಸಮ್ಮನ ಪಕ್ಕದ ಸ್ಟೂಲಿನ ಮೇಲೆ ಕೂತರು. ಎದುರಾಳಿಗೆ ಇನ್ನಷ್ಟು ಹತ್ತಿರವಾಗಲೆಂದೇ ಕೂತರು.

“ಆ ಮಗು ಯಾರನ್ನ ಕರೀಬೇಕು? ಅದಕ್ಕೆ ಬಾಯಿ ಇದೆಯಾ? ಆಕಳಿಸೋದು ಬಿಟ್ಟು ಅದಕ್ಕೆ ಏನು ಬರುತ್ತೆ?” ಅವರ ದನಿ ಸ್ವಲ್ಪ ಒಡೆಯಿತು. ತೋಳು ಭುಜ ಮುಟ್ಟಿತು.

“ಹಾಕ್ಲಾ ಸರ್?” ಎಂದರು ನರ್ಸಮ್ಮ.

“ಹಾಕ್ಲೇಬೇಕು!” ಎಂದು ಚಾಲನಾಚಾರ್ಯರು ಬಲಗೈ ಬೆರಳನ್ನು ಬೀಗದವನತ್ತ ಚಾಚಿ ಗುಡುಗಿದರು. “ಇದರಲ್ಲಿ ಕೇಳೋದೇನಿದೆ? ಒಬ್ಬೊಬ್ಬರನ್ನೂ ಹಾಕ್ಲಾ, ಹಾಕ್ಲಾ ಅಂತ ಕೇಳ್ತಾ ಕೂತ್ರೆ ಊರು ಉದ್ಧಾರ ಆದ ಹಾಗೇ! ಕೇಳ್ದೇ ಹಾಕ್ಬೇಕು! ಹಾಕಿ ಮುಂದಕ್ಕೆ ಹೋಗ್ತಾ ಇರ್ಬೇಕು!”

ಬೀಗದವನು ತಲೆ ಕೆರೆದುಕೊಂಡ. ಗೊಂಚಲು ಒಮ್ಮೆ ಝಲ್ ಎಂದಿತು. “ಬೆಂಕಿ ಬಿದ್ರೆ ಮಾತ್ರ... ನಾನೂ ಯಾರನ್ನೂ ಕೇಳ್ದೇ ಬಾಗಿಲು ಒಡೀತೀನಿ ಅನ್ನಿ. ನೀವು ಹೇಳೋದ್ರಲ್ಲೂ ಸತ್ಯ ಇದೆ ಸ್ವಾಮಿ.”

ಬೆಂಚಿಗೆ ಬೆಂಚೇ ಚಪ್ಪಾಳೆ ತಟ್ಟಿತು. ಚಾಲನಾಚಾರ್ಯರು ಎದ್ದು ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆಬಾಗಿ ಆ ವಿಜಯವನ್ನು ಸ್ವೀಕರಿಸಿದರು. ಅಂಥ ಗೆಲುವು ಅವರಿಗೆ ಮನೆಯಲ್ಲಿ ಎಂದೂ ಸಿಕ್ಕಿರಲಿಲ್ಲ. ಆಮೇಲೆ ಸ್ಪಿರಿಟಿನ ವಾಸನೆ ಮತ್ತೆ ಬಂತು. ಮುಖದ ಕಳೆ ಇಳಿಯಿತು. ಮೆಲ್ಲನೆ ನರ್ಸಮ್ಮನ ಕಡೆ ತಿರುಗಿ ಕೇಳಿದರು, “ಸಿಸ್ಟರ್, ಈಗ... ನನ್ನ ಸರದೀನಾ?”

“ನಿಮ್ಮದು ಮುಗೀತಲ್ಲ ಸರ್! ಕೇಳ್ದೇ ಹಾಕಿ ಅಂದ್ರಿ. ಆದ್ರೂ ನಾನು ಕೇಳಿಯೇ ಹಾಕ್ದೆ.”

ಚಾಲನಾಚಾರ್ಯರು ತಮ್ಮ ಎಡತೋಳನ್ನು ನೋಡಿಕೊಂಡರು. ಅಲ್ಲಿ ಹತ್ತಿಯ ಒಂದು ಉಂಡೆ ಅಂಟಿ ಕೂತಿತ್ತು. ಸೂಜಿ ಒಳಗೆ ಹೋಗಿ ಹೊರಗೆ ಬಂದರೂ ಗೊತ್ತಾಗದಿದ್ದ ಮಹಾಪುರುಷರಿಗೆ, ಹತ್ತಿ ಕಂಡೊಡನೆ ಕಣ್ಣು ಕತ್ತಲೆ ಬಂತು. ಬೀಗದವನೇ ಓಡಿಬಂದು ಹಿಡಿದುಕೊಂಡ.

ಮನೆಗೆ ಹೊರಟಾಗ ಸ್ಟಿಯರಿಂಗ್ ಹೆಂಡತಿಯ ಕೈಯಲ್ಲಿತ್ತು. ಚಾಲನಾಚಾರ್ಯರು ತಮ್ಮ ಸ್ವಸ್ಥಾನವಾದ ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ತಮ್ಮ ಪಾಲಿನ ಬ್ರೇಕನ್ನು ಸುಮ್ಮಸುಮ್ಮನೆ ಒತ್ತುತ್ತಿದ್ದರು.

“ನೋಡಿದ್ರಾ?” ಎಂದರು ಹೆಂಡತಿ. “ಪೊಲೀಸ್ ಬಂದ್ರಾ? ದಂಡ ಹಾಕಿದ್ರಾ? ನೀವೇ ತೋಳು ಮಡಿಸಿದ್ರಿ, ನೀವೇ ಹಾಕಿ ಅಂದ್ರಿ. ಕಾನೂನು ಯಾಕೆ ಬೇಕಿತ್ತು? ಪಕ್ಕದಲ್ಲಿ ಕೂತು ಗುಂಡಿ ಬಿಚ್ಚಿದ್ದು ಸಾಕಾಯ್ತು.”

ಚಾಲನಾಚಾರ್ಯರು ಉಭಯಸಂಕಟಕ್ಕೆ ಸಿಕ್ಕಿಬಿದ್ದರು. ಇಷ್ಟಪಟ್ಟು ಹಾಕಿಸಿಕೊಂಡೆ ಎಂದರೆ ಹೆಂಡತಿಯ ಪಕ್ಷ ಗೆಲ್ಲುತ್ತದೆ. ಗೊತ್ತಿಲ್ಲದೆ ಹಾಕಿಸಿಕೊಂಡೆ ಎಂದರೆ ಸೂಜಿಯ ಗುಟ್ಟು ಬೀದಿಗೆ ಬೀಳುತ್ತದೆ. ಎರಡು ದಿನ ಬಾಯಿ ಹೊಲಿದುಕೊಂಡು ತಿರುಗಿದರು. ಮೂರನೆಯ ದಿನ ಗಡ್ಡ ಕೆರೆದುಕೊಳ್ಳುತ್ತಿದ್ದಾಗ ಥಟ್ಟನೆ ಹೊಳೆಯಿತು. ಅರೆ, ಕಾನೂನು ಇತ್ತಲ್ಲ! ಮಗಳ ಕಾನೂನು! ಆ ಕಿಟಕಿ ಮುಚ್ಚಿರದಿದ್ದರೆ ತಾವು ಆರೋಗ್ಯ ಕೇಂದ್ರದ ಬೀದಿಗೇ ಕಾಲಿಡುತ್ತಿರಲಿಲ್ಲ. ಕಡ್ಡಾಯವೇ ತಮ್ಮನ್ನು ಅಲ್ಲಿಗೆ ಕಳಿಸಿದ್ದು! ಹೆಂಡತಿಯನ್ನು ಒಂದೇ ಮಾತಿಗೆ ಮಣಿಸುವ ಈ ಬ್ರಹ್ಮಾಸ್ತ್ರವನ್ನು ಈಗಲೇ ಬಿಡುವುದು ಬೇಡ, ಮಗಳ ಮನೆಯಲ್ಲಿ ಸಾಕ್ಷಿಸಮೇತ ಬಿಡೋಣ ಎಂದು ತೀರ್ಮಾನಿಸಿದರು. ಆ ದಿನಕ್ಕೆಂದೇ ಉದ್ದ ತೋಳಿನ ಹೊಸ ಅಂಗಿಯನ್ನು ಇಸ್ತ್ರಿ ಮಾಡಿಸಿಟ್ಟರು.

ಎರಡು ವಾರ ಕಳೆದ ಬೆಳಿಗ್ಗೆ ಚಾಲನಾಚಾರ್ಯರು ಹೂಕುಂಡಗಳತ್ತ ಕಣ್ಣೆತ್ತಿಯೂ ನೋಡದೆ, ಮುಂಬಾಗಿಲಿನಿಂದ, ಎದೆಯುಬ್ಬಿಸಿ ಒಳಗೆ ಹೋದರು. ಮಗಳು ಅವರನ್ನು ಸೋಫಾದಲ್ಲಿ ಕೂರಿಸಿ, ಮಗುವನ್ನು ತೋಳಿನ ಮೇಲಿಟ್ಟಳು. ತಲೆ ಎಡತೋಳಿನ ಮೇಲೆ, ಲಸಿಕೆ ಚುಚ್ಚಿದ್ದ ಜಾಗದಿಂದ ಒಂದು ಗೇಣು ಕೆಳಗೆ. ಬಲಗೈ ಕೆಳಗಿನಿಂದ ಆಸರೆ. ಅವರು ನಿಜವಾಗಿಯೂ ಉಸಿರು ಬಿಗಿ ಹಿಡಿದಿದ್ದರು.

“ಈಗ ಹೇಳಪ್ಪಾ,” ಎಂದಳು ಮಗಳು. “ಕಾನೂನು ಬೇಕೋ ಬೇಡ್ವೋ?”

“ಬೇಡ ಅಂತ ಅವರೇ ಮಾಡಿ ತೋರಿಸಿದಾರಲ್ಲ,” ಎಂದರು ಹೆಂಡತಿ, ನಗುತ್ತಾ. “ತಾವಾಗೇ ಕೇಳಿ ಹಾಕಿಸ್ಕೊಂಡ್ರು. ಇಡೀ ಬೆಂಚು ಸಾಕ್ಷಿ.”

ಅದೇ ಹೊತ್ತು. ಎರಡು ವಾರ ಮಸೆದಿಟ್ಟ ಬ್ರಹ್ಮಾಸ್ತ್ರ ನಾಲಿಗೆಯ ತುದಿಗೆ ಬಂದು ನಿಂತಿತು. ಚಾಲನಾಚಾರ್ಯರು ಬಾಯಿ ತೆರೆದರು. ಬಲಗೈ ತಾನಾಗಿ ಎಡತೋಳಿನ ಕಡೆ ಹೊರಟಿತು, ಹೊರಟು ಅಲ್ಲೇ ನಿಂತಿತು. ಕೈ ತೆಗೆದರೆ ಮಗು ಜಾರುತ್ತದೆ. ತೋಳು ಮಡಿಸಿದರೆ ಮೊಮ್ಮಗಳ ದಿಂಬು ಹೋಗುತ್ತದೆ. ತೋಳು ಮಡಿಸದೆ ಅವರ ಗಂಟಲಿನಿಂದ ವಾದ ಹೊರಟ ದಾಖಲೆ ಇಲ್ಲ.

ಹೆಂಡತಿಗೆ ಎಲ್ಲವೂ ಅರ್ಥವಾಯಿತು. ಎರಡೂ ಕೈ ಮುಂದೆ ಚಾಚಿದರು. “ಏನೋ ಹೇಳೋಕೆ ಹೊರಟ್ರಿ. ಕೊಡಿ ಮಗೂನ ಇಲ್ಲಿ. ಆರಾಮಾಗಿ ತೋಳು ಮಡಿಸ್ಕೊಂಡು ಹೇಳಿ.”

ಚಾಲನಾಚಾರ್ಯರು ಚಾಚಿದ ಆ ಕೈಗಳನ್ನು ನೋಡಿದರು. ಕೆಳಗೆ ನೋಡಿದರು. ಮಗು ಮುಖವೆಲ್ಲ ಬಾಯಿ ಮಾಡಿ, ಅವರ ಎದೆಯ ಮೇಲೆ, ಗಾಜು ಗೀಜು ಏನೂ ಅಡ್ಡವಿಲ್ಲದೆ, ಒಂದು ಉದ್ದನೆಯ ಆಕಳಿಕೆ ತೆಗೆಯಿತು.

“ಏನೂ ಇಲ್ಲ,” ಎಂದರು ಚಾಲನಾಚಾರ್ಯರು ಪಿಸುದನಿಯಲ್ಲಿ. “ನೀನು ಹೇಳಿದ್ದೇ ಸರಿ. ಕೈ ಹಿಂದಕ್ಕೆ ತಗೋ.”

ಮೂವತ್ತು ವರ್ಷದಲ್ಲಿ ಈ ಮಾತು ಆ ಬಾಯಿಂದ ಬಂದದ್ದು ಇದೇ ಮೊದಲು. ಹೆಂಡತಿಯ ಮುಖ ಅರಳಿತು. ಸೋತವರ ಮುಖ ಅದಕ್ಕಿಂತ ಹೆಚ್ಚು ಅರಳಿತ್ತು. ಅಷ್ಟರಲ್ಲಿ ಇಸ್ತ್ರಿ ಮಾಡಿದ ಹೊಸ ಅಂಗಿಯ ಬಲತೋಳು ಬೆಚ್ಚಗಾಗಿ, ಒದ್ದೆಯಾಗಿ, ತೊಟ್ಟಿಕ್ಕತೊಡಗಿತು. ಹಾಗಾದರೂ ಅವರು ಮಗುವನ್ನು ಯಾರಿಗೂ ಕೊಡಲಿಲ್ಲ.