ಉತ್ತರಕ್ಕೆ ಕಾಯದ ಪ್ರೋಗ್ರಾಮು

ತಪ್ಪು ಮಾಡಿದವನಿಗೆ ಯಂತ್ರದ ಮೇಲೆ ಹುಟ್ಟುವಷ್ಟು ಅನುಮಾನ ಇನ್ನಾರ ಮೇಲೂ ಹುಟ್ಟುವುದಿಲ್ಲ. ಕೊಪ್ಪಳದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಂಡು ನೆಮ್ಮದಿಯಾಗಿದ್ದವನು ನಾನು. ಕಂಪ್ಯೂಟರ್ ಮೇಡಂ ಹೆರಿಗೆ ರಜೆ ಹಾಕಿದರು. ಸಿ ಭಾಷೆಯ ಲ್ಯಾಬು ನನ್ನ ಕೊರಳಿಗೆ ಬಿತ್ತು. ನಾನೊಂದು ಪ್ರೋಗ್ರಾಮು ಬರೆದೆ. ಅದು ವಿದ್ಯಾರ್ಥಿಯ ನಂಬರು ಕೇಳಬೇಕು, ಆಮೇಲೆ 'ಇನ್ನೊಬ್ಬರಿದ್ದಾರೆಯೇ?' ಎಂದು ಕೇಳಿ, ವೈ ಅಥವಾ ಎನ್ ಒತ್ತುವ ತನಕ ಕಾಯಬೇಕು. ನಂಬರನ್ನೇನೋ ಮರ್ಯಾದೆಯಿಂದಲೇ ತೆಗೆದುಕೊಂಡಿತು. ಎರಡನೆಯ ಪ್ರಶ್ನೆ ಕೇಳಿದ್ದೇ ತಡ, ನನ್ನ ಬೆರಳು ಏಳುವ ಮೊದಲೇ ಮುಗಿದುಹೋಯಿತು. ಮರುದಿನ ಗಂಗಾವತಿಯಿಂದ ಬರಲಿದ್ದ ಪರೀಕ್ಷಕರ ಮುಂದೆ ಇದನ್ನೇ ಓಡಿಸಿ ತೋರಿಸುವುದಾಗಿ ನಾನು ಘೋಷಿಸಿಯಾಗಿತ್ತು.

ಕೀಬೋರ್ಡಿನ ಮೇಲೆ ಮೊಕದ್ದಮೆ ಹೂಡಿದೆ. ಬೋರಲು ಹಾಕಿ ಬೆನ್ನು ತಟ್ಟಿದರೆ ನಾಲ್ಕು ಮಂಡಕ್ಕಿ, ಒಂದು ಶೇಂಗಾ ಬೀಜ ಉದುರಿದವು. ಅಷ್ಟು ಸಾಕ್ಷ್ಯ ಸಾಲದೇ? 'ಸದರಿ ಕೀಬೋರ್ಡು ಅವಿಧೇಯವಾಗಿದೆ' ಎಂದು ಪ್ರಾಂಶುಪಾಲರಿಗೆ ಬರೆದುಕೊಟ್ಟು ಬೇರೆಯದನ್ನು ತರಿಸಿದೆ. ಹೊಸದೂ ಹಳೆಯದರ ದಾರಿಯನ್ನೇ ಹಿಡಿಯಿತು.

ಗಿಣಿಗೇರಾದಿಂದ ದಿನಾ ಬಸ್ಸಿಗೆ ಬರುವ ವಿದ್ಯಾರ್ಥಿನಿ ಶಿವಲೀಲಾ ಹಿಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

"ಸರ, ಕೀಬೋರ್ಡ್ ಛಲೋ ಐತ್ರಿ. ನಂಬರ್ ಹೊಡದು ಎಂಟರ್ ಒತ್ತಿದ್ರಲ್ರೀ, ಆ ಎಂಟರ್ ಒಳಗ ಉಳದೈತಿ. ಬಸ್ಸಿನ ಕಿಟಕಿಯಾಗಿಂದ ಸೀಟಿಗೆ ಟವಲ್ ಒಗದಂಗ್ರಿ. ನಿಮ್ಮ ಉತ್ತರ ಬಾಗಲದಾಗ ಹತ್ತೂದ್ರಾಗ ಅದು ಸೀಟ್ ಹಿಡದಿರತೈತಿ."

"ಹಂಗಾರ ಏನ್ ಮಾಡಬೇಕವಾ?"

"ಎರಡನೇ ಉತ್ತರ ಓದೂ ಸ್ಕ್ಯಾನ್ಎಫ್ ಸಾಲಿನಾಗ ಪರ್ಸೆಂಟ್ ಗುರ್ತಿಗಿಂತ ಮೊದಲ ಒಂದು ಸ್ಪೇಸ್ ಬಿಡ್ರಿ. ಆ ಟವಲ್ ತಗದು ಒಗೀತೈತಿ."

ಬಿಟ್ಟೆ. ಪ್ರೋಗ್ರಾಮು ಪ್ರಶ್ನೆ ಕೇಳಿ, ಕೈಕಟ್ಟಿ ನಿಂತುಕೊಂಡಿತು. ಇಪ್ಪತ್ತೆರಡು ವರ್ಷಗಳ ಗಣಿತ ಒಂದು ಖಾಲಿ ಜಾಗಕ್ಕೆ ತಲೆಬಾಗಿತು.

"ಮೊದಲ ಯಾಕ ಹೇಳಲಿಲ್ಲ?" ಎಂದು ಗದರಿದೆ.

"ಕ್ಲಾಸಿನಾಗ ಕೈ ಎತ್ತಿದ್ನಿರೀ. ನೀವು 'ತಿಳೀತಾ?' ಅಂತ ಕೇಳಿ, ನಾವು ಬಾಯಿ ತಗಿಯೂದ್ರಾಗ ಬೋರ್ಡ್ ಒರಸಿಬಿಡ್ತೀರಿ."

ಪರೀಕ್ಷಕರು ಬಂದರು, ನೋಡಿದರು, ಚಹಾ ಕುಡಿದು ಹೋದರು, ಮಾನ ಉಳಿಯಿತು. ಆದರೆ ಹುಡುಗಿಯ ಮಾತು ಒಳಗೇ ಉಳಿದಿತ್ತು. ಮುಂದಿನ ಕ್ಲಾಸಿನಲ್ಲಿ ಒಂದು ಪ್ರಮೇಯ ಮುಗಿಸಿ, "ತಿಳೀತಾ?" ಎಂದು ಕೇಳಿ, ಡಸ್ಟರನ್ನು ಮೇಜಿನ ಮೇಲಿಟ್ಟು, ಸೇವೆಗೆ ಸೇರಿದ ಮೇಲೆ ಮೊದಲ ಬಾರಿಗೆ ಕಾದೆ.

"ಇಲ್ರೀ ಸರ!" ಎಂದಿತು ಇಡೀ ಕ್ಲಾಸು.

ನನ್ನ ಹಳೆಯ ಪ್ರೋಗ್ರಾಮಿನಲ್ಲಿ ಅಂಥ ದೋಷವೇನೂ ಇರಲಿಲ್ಲ ಎಂದು ಈಗ ಅನಿಸುತ್ತಿದೆ.